ವ್ಯಾಟ್ ಬೇರೆ, ಯೂನಿಟ್ ಬೇರೆ: ಹತ್ತನೇ ತರಗತಿಗೊಂದು ಚಟುವಟಿಕೆ

'ವಿದ್ಯುಚ್ಛಕ್ತಿ' ಪಾಠದಲ್ಲಿ ಅನೇಕ ಮಕ್ಕಳು ವ್ಯಾಟನ್ನೂ ಯೂನಿಟನ್ನೂ ಒಂದೇ ಎಂದು ತಿಳಿಯುತ್ತಾರೆ. ಇದನ್ನು ಬಿಡಿಸಲು ಚಳ್ಳಕೆರೆಯ ಎಣ್ಣೆ ಮಿಲ್ಲಿನ ಅಥವಾ ಮೊಳಕಾಲ್ಮೂರಿನ ರೇಷ್ಮೆ ಸೀರೆ ಅಂಗಡಿಯ ಆಫೀಸು ಕೋಣೆಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಬಹುದು.

ಪ್ರಶ್ನೆ: 1000 ವ್ಯಾಟ್ ಕೆಟಲ್ ದಿನಕ್ಕೆ 15 ನಿಮಿಷ, 75 ವ್ಯಾಟ್ ಫ್ಯಾನ್ 8 ಗಂಟೆ ನಡೆಯುತ್ತವೆ. ಬೆಸ್ಕಾಂ ಬಿಲ್ಲು ಹೆಚ್ಚಿಸುವುದು ಯಾವುದು? ಮಕ್ಕಳು ಕೆಟಲ್ ಎಂದರು.

ಕಪ್ಪುಹಲಗೆಯ ಲೆಕ್ಕ: ವ್ಯಾಟ್ × ಗಂಟೆ ÷ 1000 = ಯೂನಿಟ್. ಕೆಟಲ್‌ಗೆ 0.25, ಫ್ಯಾನ್‌ಗೆ 0.6. ಅದೇ ಜಾಗದಲ್ಲಿ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಹಾಕಿದರೆ 0.24. ತಿಂಗಳಿಗೆ 25 ದಿನವೆಂದರೆ ಒಂದು ಫ್ಯಾನಿನಿಂದಲೇ 9 ಯೂನಿಟ್ ಉಳಿತಾಯ.

ಮೌಲ್ಯಮಾಪನ: 'ಎಷ್ಟು ವ್ಯಾಟ್?' ಎಂದ ಮಗು 'ಎಷ್ಟು ಹೊತ್ತು?' ಎಂದೂ ಕೇಳಿದರೆ ಪಾಠ ಮುಟ್ಟಿದೆ.

ಮನೆಗೆಲಸ: ಮನೆಯ ಅಥವಾ ಅಂಗಡಿಯ ಮೂರು ಉಪಕರಣಗಳ ವ್ಯಾಟ್ ಓದಿ, ದಿನದ ಯೂನಿಟ್ ಬರೆದು ತರುವುದು.