ಎಣ್ಣೆ ಬಿದ್ದ ಮಣ್ಣಿಗೆ ತಿಪ್ಪೆಯ ಗೊಬ್ಬರ

ಬಾವಿಯ ದಂಡೆಯಲ್ಲಿ ಡೀಸೆಲ್ ಎಂಜಿನ್ ಇದ್ದವರ ಹೊಲದಲ್ಲಿ ಒಂದು ತುಂಡು ನೆಲ ಕಪ್ಪಾಗಿ, ಹುಲ್ಲುಕಡ್ಡಿಯೂ ಇಲ್ಲದೆ ಬಿದ್ದಿರುವುದನ್ನು ಜತ್ತ, ಅಕ್ಕಲಕೋಟೆಯ ಕಡೆಯ ವಾಚಕರು ಕಂಡೇ ಇರುತ್ತಾರೆ. ವಿದ್ಯುತ್ ಮೋಟಾರು ಬಂದ ಮೇಲೂ ಟ್ರ್ಯಾಕ್ಟರಿನ ಆಯಿಲ್ ಬದಲಿಸುವ ಜಾಗದಲ್ಲಿ ಅದೇ ಪಾಡು. ಅಂಗೈಯಗಲದ ನೆಲ ಹೋದರೆ ಹೋಗಲಿ ಎನ್ನುವಂತಿಲ್ಲ. ಆ ಎಣ್ಣೆ ಮಳೆನೀರಿನೊಡನೆ ಇಳಿದು ನಾವು ಕುಡಿಯುವ ಬಾವಿಯನ್ನೇ ಸೇರೀತು. ಮಸಾರಿ ನೆಲದಲ್ಲಂತೂ ಬೇಗ ಇಳಿಯುತ್ತದೆ.

ಇಂಥ ಮಣ್ಣಿನಲ್ಲಿ ಬೆಳೆ ಏಕೆ ಬಾರದು? ಎಣ್ಣೆಯು ಮಣ್ಣಿನ ಕಣಗಳಿಗೆ ಲೇಪವಾಗಿ ನೀರನ್ನು ಒಳಗೆ ಬಿಡುವುದಿಲ್ಲ, ಬೇರಿಗೆ ಗಾಳಿ ಸಿಗುವುದಿಲ್ಲ. ಆದರೆ ಅದೇ ಮಣ್ಣಿನಲ್ಲಿ ಎಣ್ಣೆಯನ್ನು ಆಹಾರ ಮಾಡಿಕೊಳ್ಳುವ ಸೂಕ್ಷ್ಮಜೀವಿಗಳೂ ಇವೆ. ಎಣ್ಣೆಯಲ್ಲಿರುವುದು ಬಹುತೇಕ ಇಂಗಾಲ ಮತ್ತು ಜಲಜನಕ. ಪಲ್ಯೆಯಿಲ್ಲದ ಬರಿಯ ರೊಟ್ಟಿಯ ಊಟವಿದ್ದಂತೆ. ಸಾರಜನಕ, ರಂಜಕಗಳಿಲ್ಲದೆ ಆ ಜೀವಿಗಳು ಬೆಳೆಯಲಾರವು. ಮಣ್ಣಿನಲ್ಲಿ ಇದ್ದಷ್ಟನ್ನು ಅವೇ ಹೀರುವುದರಿಂದ ಪೈರು ಹಳದಿಯಾಗುತ್ತದೆ. ಆ ಕೊರತೆಯನ್ನು ತಿಪ್ಪೆಯ ಗೊಬ್ಬರ ತುಂಬುತ್ತದೆ. 1989ರಲ್ಲಿ ಅಮೆರಿಕೆಯ ಅಲಾಸ್ಕದಲ್ಲಿ ಎಕ್ಸಾನ್ ವಾಲ್ಡೀಜ್ ಎಂಬ ಹಡಗು ಬಂಡೆಗೆ ತಗುಲಿ ಕಚ್ಚಾ ಎಣ್ಣೆ ದಡಕ್ಕೆ ಬಡಿದಾಗ, ಅಲ್ಲಿನವರೂ ದಡಕ್ಕೆ ಗೊಬ್ಬರ ಹಾಕಿ ಅಲ್ಲಿಯ ಸೂಕ್ಷ್ಮಜೀವಿಗಳಿಗೆ ಉಣಿಸಿದರು. ಅದು ಕೊಂಡು ತಂದ ಗೊಬ್ಬರ. ನಮ್ಮದು ಹಿತ್ತಲಲ್ಲೇ ಇದೆ.

ಮೊದಲು ಸೋರುವುದನ್ನು ನಿಲ್ಲಿಸಬೇಕು. ನಿಂತ ಎಣ್ಣೆಯ ಮೇಲೆ ಕಟ್ಟಿಗೆಯ ಪುಡಿ ಚೆಲ್ಲಿ, ಹೀರಿದ ಮೇಲೆ ತೆಗೆಯಬೇಕು. ನೀರು ಹಾಕಿ ತೊಳೆಯಬಾರದು, ಬೆಂಕಿಯನ್ನೂ ಹಚ್ಚಬಾರದು. ಬಳಿಕ ಕಪ್ಪಾದ ಮಣ್ಣನ್ನು ಅಗೆದು, ಬಾವಿಯಿಂದ ದೂರದ ಎತ್ತರದ ಜಾಗದಲ್ಲಿ ದಪ್ಪ ತಾಡಪತ್ರಿಯ ಮೇಲೆ ಒಂದು ಗೇಣಿನಷ್ಟು ಹರಡಬೇಕು. ಮೂರು ಬುಟ್ಟಿ ಮಣ್ಣಿಗೆ ಒಂದು ಬುಟ್ಟಿ ಚೆನ್ನಾಗಿ ಕಳಿತ ಗೊಬ್ಬರ ಬೆರೆಸಬೇಕು. ಎರೆ ಮಣ್ಣಾದರೆ ಗಾಳಿಯಾಡಲೆಂದು ಸ್ವಲ್ಪ ಶೇಂಗಾ ಸಿಪ್ಪೆಯನ್ನೋ ಸಣ್ಣಗೆ ಕತ್ತರಿಸಿದ ಕಣಿಕೆಯನ್ನೋ ಸೇರಿಸಬೇಕು. ಇದು ಹೆಚ್ಚಾದರೆ ಸಾರಜನಕಕ್ಕೆ ಅದೂ ಪಾಲುದಾರನಾಗುತ್ತದೆ. ಮಣ್ಣು ಮುಷ್ಟಿಯಲ್ಲಿ ಉಂಡೆಯಾಗುವಷ್ಟು ಹಸಿಯಿರಲಿ, ನೀರು ತೊಟ್ಟಿಕ್ಕದಿರಲಿ. ವಾರಕ್ಕೊಮ್ಮೆ ತಿರುವಿ ಹಾಕಬೇಕು, ಮಳೆ ಬಂದರೆ ಮುಚ್ಚಬೇಕು.

ನಾವು ಮೊದಲ ಸಲ ಹಸಿ ಹೆಂಡಿಯನ್ನೇ ದಪ್ಪಗೆ ಸುರಿದು ಕೈಬಿಟ್ಟೆವು. ಗಾಳಿಯಾಡದೆ ಮಣ್ಣು ನಾರಿತು, ಎಣ್ಣೆ ಮಾತ್ರ ಹಾಗೆಯೇ ಉಳಿಯಿತು. ಗಾಳಿ, ಗೊಬ್ಬರ ಎರಡೂ ಕೂಡಿದರೇನೇ ಕೆಲಸ.

ಡೀಸೆಲ್ ತೆಳುವಾದುದರಿಂದ ಕೆಲವು ತಿಂಗಳಲ್ಲಿ ಬಹುಪಾಲು ಹೋಗುತ್ತದೆ. ಎಂಜಿನಿನಿಂದ ತೆಗೆದ ಕರಿ ಆಯಿಲ್ ವರ್ಷ ದಾಟಿದರೂ ಪೂರ್ತಿ ಹೋಗದು. ಎಂಜಿನ್ ಸವೆದು ಬಂದ ಲೋಹದ ಅಂಶವೂ ಅದರಲ್ಲಿರುತ್ತದೆ. ಅದನ್ನು ಯಾವ ಜೀವಿಯೂ ತಿಂದು ಕರಗಿಸಲಾರದು. ಅಂಥ ಮಣ್ಣಿನಲ್ಲಿ ಕಾಯಿಪಲ್ಯೆಯನ್ನಾಗಲಿ ದನದ ಮೇವನ್ನಾಗಲಿ ಬೆಳೆಯಲೇಬಾರದು.

ಡೀಸೆಲ್ ಬಿದ್ದ ಮಣ್ಣು ಸುಧಾರಿಸಿತೇ ಎಂದು ಮೂಗಿನಿಂದ ತಿಳಿಯಹೋದರೆ ಮೋಸ. ವಾಸನೆ ಮೊದಲು ಹೋಗುತ್ತದೆ, ಎಣ್ಣೆ ಆಮೇಲೆ. ಒಂದು ಕುಂಡದಲ್ಲಿ ಈ ಮಣ್ಣನ್ನೂ ಇನ್ನೊಂದರಲ್ಲಿ ಹೊಲದ ಒಳ್ಳೆಯ ಮಣ್ಣನ್ನೂ ತುಂಬಿ 20-20 ಹೆಸರುಕಾಳು ಊರಬೇಕು. ಎಂಟು ದಿನದ ಮೇಲೆ ಎಷ್ಟು ಮೊಳೆತವು, ಬೇರು ಎಷ್ಟುದ್ದ ಬಿಟ್ಟವು ಎಂದು ಎಣಿಸಿ ಅಳೆಯಬೇಕು. ಶಾಲೆಯ ಮಕ್ಕಳಿಗೆ ಒಪ್ಪಿಸಿದರೆ ಅವರು ಒಂದು ಕಾಳನ್ನೂ ಬಿಡದೆ ಲೆಕ್ಕ ಹೇಳುತ್ತಾರೆ. ಎರಡು ಕುಂಡಗಳೂ ಸರಿಸಮ ಬರುವವರೆಗೆ ಆ ಮಣ್ಣನ್ನು ಹೊಲಕ್ಕೆ ಹಾಕಬಾರದು.