ವೃದ್ಧಾಶ್ರಮದಲ್ಲಿ ವ್ಯಾಯಾಮ

ಮುಪ್ಪು ರೋಗವಲ್ಲ; ಆದರೆ ಮುಪ್ಪಿನಲ್ಲಿ ಕುಳಿತೇ ಕಾಲ ಕಳೆಯುವುದು ಅನೇಕ ರೋಗಗಳಿಗೆ ದಾರಿಯಾಗುತ್ತದೆ. ಕೋಲ್ಕತ್ತಾ ನಗರಕ್ಕೆ ವೃದ್ಧರ ಆಶ್ರಯದಾಣಗಳು ಹೊಸತಲ್ಲ. ‘ಲಿಟ್ಲ್ ಸಿಸ್ಟರ್ಸ್ ಆಫ್ ದಿ ಪೂರ್’ ಎಂಬ ಕ್ರೈಸ್ತ ಸಂನ್ಯಾಸಿನಿಯರ ಸಂಸ್ಥೆಯು ಭಾರತದಲ್ಲಿ ತನ್ನ ಮೊದಲ ವೃದ್ಧಾಶ್ರಮವನ್ನು 1882ರಲ್ಲಿ ತೆರೆದುದು ಈ ನಗರದಲ್ಲಿಯೇ. ಇಂದು ಮಕ್ಕಳು ಉದ್ಯೋಗಕ್ಕಾಗಿ ದೂರದ ಊರುಗಳಿಗೆ ತೆರಳಿರುವ ಎಷ್ಟೋ ಕುಟುಂಬಗಳ ಹಿರಿಯರು ಇಂತಹ ಆಶ್ರಮಗಳಲ್ಲಿ ವಾಸಿಸುತ್ತಾರೆ. ಅಲ್ಲಿಯ ಊಟ, ಔಷಧ, ಶುಚಿತ್ವಗಳನ್ನು ಬಂಧುಗಳು ವಿಚಾರಿಸುತ್ತಾರೆ. ‘ಇವರು ದಿನಕ್ಕೆ ಎಷ್ಟು ಬಾರಿ ಎದ್ದು ನಡೆಯುತ್ತಾರೆ?’ ಎಂದು ಕೇಳುವವರು ಮಾತ್ರ ವಿರಳ.

ನಿಶ್ಚಲತೆಯ ಪರಿಣಾಮಗಳು

ವಯಸ್ಸಾದಂತೆ ಮಾಂಸಖಂಡಗಳು ಕೃಶವಾಗುವುದು ಸಹಜ. ನಿಶ್ಚಲತೆ ಈ ಕ್ಷಯವನ್ನು ತೀವ್ರಗೊಳಿಸುತ್ತದೆ. 2007ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಆರೋಗ್ಯವಂತ ವೃದ್ಧರು ಕೇವಲ 10 ದಿನ ಹಾಸಿಗೆಯಲ್ಲಿದ್ದುದರಿಂದ ಅವರ ಕಾಲುಗಳಲ್ಲಿ ಸುಮಾರು 1 ಕಿಲೋಗ್ರಾಂನಷ್ಟು ಮಾಂಸವು ಕರಗಿಹೋಯಿತು. ಇದರೊಡನೆ ಕೀಲುಗಳು ಬಿಗಿಯುತ್ತವೆ, ಮೂಳೆಗಳು ಸವೆಯುತ್ತವೆ, ಮಲಬದ್ಧತೆ ಹೆಚ್ಚುತ್ತದೆ, ನಿದ್ರೆ ಕೆಡುತ್ತದೆ, ಮನಸ್ಸು ಕುಗ್ಗುತ್ತದೆ. ಪೂರ್ತಿ ಹಾಸಿಗೆ ಹಿಡಿದವರಿಗೆ ಬೆನ್ನುಹುಣ್ಣಿನ ಭಯವೂ ಉಂಟು.

ಆಶ್ರಮಗಳಲ್ಲಿ ಈ ನಿಶ್ಚಲತೆಗೆ ಅನೇಕ ವೇಳೆ ಕಾರುಣ್ಯವೇ ಕಾರಣ. ಬಿದ್ದಾರೆಂಬ ಭಯದಿಂದ ಹಿರಿಯರನ್ನು ಕುರ್ಚಿಯಲ್ಲಿಯೇ ಕೂರಿಸಲಾಗುತ್ತದೆ. ಕೈಹಿಡಿದು ನಡೆಸುವುದಕ್ಕಿಂತ ಗಾಲಿಕುರ್ಚಿಯಲ್ಲಿ ಕರೆದೊಯ್ಯುವುದು ಆಯಾಗಳಿಗೆ ಸುಲಭ. ಹೀಗೆ ನಡೆಯದ ಕಾಲು ದುರ್ಬಲವಾಗುತ್ತದೆ. ದುರ್ಬಲ ಕಾಲಿನವರು ಬೀಳುವ ಸಂಭವವೇ ಹೆಚ್ಚು. ಯಾವ ಅಪಾಯವನ್ನು ತಪ್ಪಿಸಲು ಕೂರಿಸಿದರೋ ಅದೇ ಅಪಾಯ ಹತ್ತಿರವಾಗುತ್ತದೆ.

ತೊಂಬತ್ತರಲ್ಲಿಯೂ ಬೆಳೆಯುವ ಬಲ

ಇಳಿವಯಸ್ಸಿನಲ್ಲಿ ಬಲವು ಮರಳಿ ಬಾರದೆಂಬ ನಂಬಿಕೆ ನಿಜವಲ್ಲ. ಅಮೆರಿಕದ ಬಾಸ್ಟನ್ ನಗರದಲ್ಲಿ ಡಾ. ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ವೃದ್ಧಾಶ್ರಮದ 100 ಮಂದಿ ದುರ್ಬಲ ನಿವಾಸಿಗಳನ್ನು ಪರೀಕ್ಷಿಸಿ 1994ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ನಿವಾಸಿಗಳ ಸರಾಸರಿ ವಯಸ್ಸು 87. ಹತ್ತು ವಾರಗಳ ಕಾಲ, ವಾರಕ್ಕೆ ಮೂರು ದಿನ ಕಾಲುಗಳಿಗೆ ಭಾರದ ವ್ಯಾಯಾಮ ಮಾಡಿದವರ ಸ್ನಾಯುಬಲವು ಎರಡು ಪಟ್ಟಿಗೂ ಮಿಕ್ಕಿ ವೃದ್ಧಿಸಿತು. ನಡಿಗೆಯ ವೇಗವೂ ಮೆಟ್ಟಿಲೇರುವ ಶಕ್ತಿಯೂ ಹೆಚ್ಚಿದವು. ವ್ಯಾಯಾಮವಿಲ್ಲದೆ ಪೌಷ್ಟಿಕ ಪಾನೀಯವನ್ನಷ್ಟೇ ಪಡೆದವರಿಗೆ ಇಂತಹ ಲಾಭ ದೊರೆಯಲಿಲ್ಲ. ಟಾನಿಕ್ಕಿನ ಸೀಸೆಯನ್ನೇ ನೆಚ್ಚುವವರು ಇದನ್ನು ಗಮನಿಸಬೇಕು.

ಆಚರಣೆಯಲ್ಲಿ

ಇದಕ್ಕೆ ಬೆಲೆಬಾಳುವ ಯಂತ್ರಗಳು ಅನಿವಾರ್ಯವಲ್ಲ. ವೈದ್ಯರ ಸಲಹೆ ಪಡೆದು ಇಷ್ಟನ್ನು ಆರಂಭಿಸಬಹುದು:

1. ಗೋಡೆಗೆ ಒತ್ತಿಟ್ಟ, ಕೈಗಳುಳ್ಳ ಗಟ್ಟಿ ಕುರ್ಚಿಯಿಂದ ಎದ್ದು ಮತ್ತೆ ಕೂರುವುದು. ಮೊದಲು ಐದು ಬಾರಿ, ಕ್ರಮೇಣ ಹತ್ತು.

2. ಕುಳಿತು ಒಂದೊಂದೇ ಕಾಲನ್ನು ನೇರವಾಗಿ ಚಾಚಿ, ಐದು ಎಣಿಸುವವರೆಗೆ ಹಿಡಿದು ಇಳಿಸುವುದು.

3. ಕಿಟಕಿಯ ಸರಳನ್ನೋ ಮೇಜನ್ನೋ ಹಿಡಿದು, ಹಿಮ್ಮಡಿಗಳನ್ನು ಎತ್ತಿ ನಿಲ್ಲುವುದು. ಪಕ್ಕದಲ್ಲಿ ಒಬ್ಬರಿರಬೇಕು.

4. ಜಗಲಿಯಲ್ಲಿ ಇಲ್ಲವೇ ಮೊಗಸಾಲೆಯಲ್ಲಿ ದಿನಕ್ಕೆ ಹಲವು ಬಾರಿ ಸ್ವಲ್ಪ ಸ್ವಲ್ಪ ನಡೆಯುವುದು.

ಹಾಸಿಗೆಯಿಂದೇಳಲಾರದವರು ಮಲಗಿಯೇ ಪಾದಗಳನ್ನು ಮಡಿಸಿ ಚಾಚಬಹುದು. ವಾರಕ್ಕೆ ಮೂರು ದಿನವಾದರೂ ಬಲ ಮತ್ತು ಸಮತೋಲನದ ವ್ಯಾಯಾಮಗಳು ಅಗತ್ಯವೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ತಿಳಿಸಿದೆ. ಅಷ್ಟು ಸಾಧ್ಯವಾಗದವರಿಗೆ ಅಲ್ಪ ಚಲನೆಯೂ ಹಿತವೇ.

ಎಚ್ಚರಿಕೆಗಳು

ಕೋಲ್ಕತ್ತೆಯ ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಮಧ್ಯಾಹ್ನದ ವ್ಯಾಯಾಮ ಸಲ್ಲದು. ನಸುಕು ಇಲ್ಲವೇ ಸಂಜೆ ಲೇಸು. ಮಳೆಗಾಲದಲ್ಲಿ ನೀರು ನಿಂತ ಬೀದಿಗಳಿಗಿಂತ ಒಳಾಂಗಣವೇ ಕ್ಷೇಮ. ಚಳಿಗಾಲದ ಮುಂಜಾವಿನ ಹೊಗೆಮಂಜು ಶ್ವಾಸರೋಗಿಗಳಿಗೆ ಕೆಡುಕು. ಹಾಸಿಗೆಯಿಂದ ಒಮ್ಮೆಲೇ ಎದ್ದರೆ ರಕ್ತದೊತ್ತಡ ಕುಸಿದು ತಲೆ ಸುತ್ತಬಹುದು. ಎರಡು ನಿಮಿಷ ಕುಳಿತು ಆಮೇಲೆ ಏಳಬೇಕು. ಸಡಿಲವಾದ ಚಪ್ಪಲಿಯಾಗಲಿ ಒದ್ದೆ ನೆಲವಾಗಲಿ ಇರಕೂಡದು. ಎದೆನೋವು, ಉಸಿರುಗಟ್ಟುವಿಕೆ, ತಲೆಸುತ್ತು ಕಂಡರೆ ತಕ್ಷಣ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು.

ವೃದ್ಧರಿಗೆ ಇದರಿಂದ ದೊರೆಯುವ ಲಾಭವು ಆಯುಸ್ಸಿನ ಲೆಕ್ಕವಷ್ಟೇ ಅಲ್ಲ. ಯಾರನ್ನೂ ಕರೆಯದೆ ಸ್ನಾನದ ಮನೆಗೆ ಹೋಗಿಬರುವ ಸ್ವಾತಂತ್ರ್ಯವು ಹಿರಿಯರ ಮಾನಕ್ಕೆ ಸಂಬಂಧಿಸಿದ್ದು. ಆದುದರಿಂದ ಬಂಧುಗಳು ಭೇಟಿಗೆ ಹೋಗುವಾಗ ಸಂದೇಶ್ ಮಿಠಾಯಿಯ ಪೊಟ್ಟಣದೊಡನೆ ಅರ್ಧ ಗಂಟೆಯ ಬಿಡುವನ್ನೂ ಒಯ್ಯಲಿ. ಹಿರಿಯರ ತೋಳು ಹಿಡಿದು, ಅವರ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಯಲಿ.