ಪರರ ಸಮವಸ್ತ್ರ ತೊಟ್ಟವರು

1930ರ ಮೇ ತಿಂಗಳಲ್ಲಿ ಸೊಲ್ಲಾಪುರದಲ್ಲಿ ಮಾರ್ಷಲ್ ಲಾ ಜಾರಿಯಾಯಿತು. ಮಲ್ಲಪ್ಪ ಧನಶೆಟ್ಟಿ ಮೊದಲಾದ ನಾಲ್ವರು 1931ರ ಜನವರಿ 12ರಂದು ಗಲ್ಲಿಗೇರಿದರು. ಅಂದು ಆಂಗ್ಲರ ಆಜ್ಞೆ ಪಾಲಿಸಿದ ಪೊಲೀಸರಲ್ಲಿ ನಮ್ಮವರೂ ಇದ್ದರು. ಅಕ್ಕಲಕೋಟ ರಸ್ತೆ ಎಂಐಡಿಸಿಯ ಮಗ್ಗಗಳ ನಡುವೆ ಈ ಕಥೆ ಕೇಳಿ ಬೆಳೆದ ನಾವು ಇಲ್ಲಿ ಬೇರೊಂದು ಪ್ರಶ್ನೆ ಎತ್ತುತ್ತೇವೆ. ಸ್ವಾತಂತ್ರ್ಯದ ಆಸೆಯಿಂದಲೇ ಪರರ ಸಮವಸ್ತ್ರ ತೊಟ್ಟವರ ಗತಿ ಏನಾಯಿತು?

ಎರಡನೆಯ ಮಹಾಯುದ್ಧದಲ್ಲಿ ಉತ್ತರ ಆಫ್ರಿಕದಲ್ಲಿ ಸೆರೆಸಿಕ್ಕ ಭಾರತೀಯ ಸೈನಿಕರನ್ನು ಕೂಡಿಸಿ ಸುಭಾಷಚಂದ್ರ ಬೋಸರು ಜರ್ಮನಿಯಲ್ಲಿ ಒಂದು ದಳ ಕಟ್ಟಿದರು. ಸುಮಾರು 3000 ಜನ. ತೋಳಿನ ಪಟ್ಟಿಯಲ್ಲಿ ನೆಗೆಯುವ ಹುಲಿ. ಪ್ರತಿಜ್ಞೆಯಲ್ಲಿ ಮಾತ್ರ ಹಿಟ್ಲರನ ಹೆಸರೂ ಇತ್ತು! 1943ರ ಫೆಬ್ರವರಿಯಲ್ಲಿ ಬೋಸರು ಜಲಾಂತರ್ಗಾಮಿಯಲ್ಲಿ ಪೂರ್ವಕ್ಕೆ ಹೊರಟರು. ದಳವು ಭಾರತದ ಗಡಿಯನ್ನು ಕಾಣಲೇ ಇಲ್ಲ. ಹಾಲೆಂಡಿನ, ಆಮೇಲೆ ಫ್ರಾನ್ಸಿನ ಕಡಲತೀರ ಕಾಯಿತು. 1944ರಲ್ಲಿ ಅದನ್ನು ಎಸ್.ಎಸ್. ಪಡೆಗೆ ಸೇರಿಸಲಾಯಿತು.

ಅದೇ ಜರ್ಮನರ ಕೈಕೆಳಗಿದ್ದ ಉಕ್ರೇನಿಯರ ಕಥೆ ಇನ್ನೂ ಕಹಿ. 1941ರ ಜೂನ್ 30ರಂದು ಲ್ವಿವ್ ನಗರದಲ್ಲಿ ಅವರ ರಾಷ್ಟ್ರವಾದಿಗಳು ಸ್ವತಂತ್ರ ರಾಜ್ಯವನ್ನು ಸಾರಿದರು. ಜರ್ಮನರು ಆ ನಾಯಕರನ್ನೇ ಬಂಧಿಸಿದರು. ಆದರೂ ಉಕ್ರೇನಿನ ಪೊಲೀಸ್ ದಳಗಳು ಜರ್ಮನರಿಗೆ ದುಡಿದವು, ಯಹೂದಿಗಳ ಹತ್ಯೆಯಲ್ಲಿ ಕೈಗೂಡಿಸಿದವು. 1943ರ ಮಾರ್ಚ್ 22ರಂದು ಬೆಲಾರೂಸಿನ ಖಾತಿನ್ ಹಳ್ಳಿಯನ್ನು ಸುಟ್ಟವರಲ್ಲಿ 118ನೆಯ ಪೊಲೀಸ್ ದಳವಿತ್ತು. ಸತ್ತವರು 149, ಅವರಲ್ಲಿ 75 ಮಕ್ಕಳು. ಅದೇ ವರ್ಷ ಕಟ್ಟಿದ ಗಲೀಶಿಯಾ ಸೇನಾ ವಿಭಾಗ 1944ರ ಜುಲೈಯಲ್ಲಿ ಬ್ರೋಡಿಯ ಕಾಳಗದಲ್ಲಿ ನುಚ್ಚುನೂರಾಯಿತು. ಉಕ್ರೇನಿಯರೆಲ್ಲ ಹೀಗಿದ್ದರೆಂದು ತಿಳಿಯಬಾರದು. ಹತ್ತಾರು ಲಕ್ಷ ಉಕ್ರೇನಿಯರು ಕೆಂಪು ಸೇನೆಯಲ್ಲಿ ನಿಂತು ಹಿಟ್ಲರನ ವಿರುದ್ಧ ಕಾದಿದರು.